ಮಲೆನಾಡಿನ ಮಳೆ ಲೆಕ್ಕಕ್ಕೊಂದು ಸುರಕ್ಷಿತ ಸಾಕೆಟ್ ಸರ್ವರ್: ಬರೆಯುವುದರಿಂದ ಓಡಿಸುವವರೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವವರು ಇದ್ದಾರೆ. ಮಾತಲ್ಲಿ ಇಂಚು, ದಾಖಲೆಯಲ್ಲಿ ಮಿಲಿಮೀಟರ್. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಹೊಳವು ಯಾವಾಗ ಸಿಗುತ್ತದೆ ಎಂದು ಅಂದಾಜು ಮಾಡಲು ಈ ಲೆಕ್ಕ ಬೇಕು. ಆರಿದ್ರೆ ಮಳೆ ಹೋದ ವರ್ಷದಷ್ಟು ಬಂತಾ ಇಲ್ವಾ ಎಂಬ ವಾದಕ್ಕೂ ಬೇಕು. ಮಾಪಕಕ್ಕೆ ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್ ಜೋಡಿಸಿ, ಅಂಕಿಗಳು ಶಿವಮೊಗ್ಗದ ಒಂದು ಸರ್ವರಿಗೆ ತಾವಾಗೇ ಬಂದು ಸೇರುವ ಹಾಗೆ ಮಾಡೋಣ. ಪೈಥಾನ್‌ನಲ್ಲಿ, ಹೊರಗಿನ ಲೈಬ್ರರಿ ಒಂದೂ ಇಲ್ಲದೆ.

ಮಳೆ ಲೆಕ್ಕ ಗುಟ್ಟೇನಲ್ಲ, ಅದಕ್ಯಾಕೆ ಭದ್ರತೆ ಅನ್ನಿಸಬಹುದು. ಈ ಭದ್ರತೆ ಕೊಡುವುದು ಟಿಎಲ್‌ಎಸ್, ಅಂದರೆ ಎರಡು ಕಂಪ್ಯೂಟರ್‌ಗಳ ಮಾತನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಪದರ. ಅದು ಮಾಡುವುದು ಮೂರು ಕೆಲಸ. ದಾರಿಯಲ್ಲಿ ಬೇರೆಯವರು ಓದದಂತೆ ತಡೆಯುತ್ತದೆ. ದಾರಿಯಲ್ಲಿ ಅಂಕಿ ತಿದ್ದಿದರೆ ಹಿಡಿಯುತ್ತದೆ. ಆ ಕಡೆ ಇರುವುದು ಯಾರು ಎಂದು ಖಾತ್ರಿ ಮಾಡುತ್ತದೆ. ನಮಗೆ ಮೊದಲನೆಯದು ಅಷ್ಟೇನೂ ಮುಖ್ಯವಲ್ಲ, ಉಳಿದೆರಡು ಮುಖ್ಯ. ಇವತ್ತು ಮಳೆ ಲೆಕ್ಕ ಕಳಿಸುವ ಇದೇ ದಾರಿಯಲ್ಲಿ ನಾಳೆ ಪಂಪ್‌ಸೆಟ್ ಆನ್ ಮಾಡುವ ಆಜ್ಞೆಯೂ ಹೋಗಬಹುದು. ಆಗ ಯಾರು ಕಳಿಸಿದ್ದು ಎಂಬುದೇ ಎಲ್ಲ.

ಇದಕ್ಕೆಲ್ಲ ರೆಡಿಮೇಡ್ ವೆಬ್ ಸರ್ವರ್ ಸಾಲದಾ? ಎಷ್ಟೋ ಸಲ ಸಾಕು. ಬ್ರೌಸರ್‌ನಿಂದ ನೋಡುವಂಥದ್ದಾದರೆ ಅದನ್ನೇ ಬಳಸಿ. ಆದರೆ ಬರೀ ಸಾಕೆಟ್ (ಎರಡು ಪ್ರೋಗ್ರಾಂಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ಸಂಪರ್ಕದ ತುದಿ) ಮೇಲೆ ಒಮ್ಮೆ ಕಟ್ಟಿ ನೋಡಿದರೆ, ವೆಬ್ ಸರ್ವರ್ ಯಾಕೆ ಒಮ್ಮೊಮ್ಮೆ ಸುಮ್ನೆ ನಿಂತುಬಿಡುತ್ತದೆ ಎಂಬುದೂ ಗೊತ್ತಾಗುತ್ತದೆ.

ಒಂದು ಮಾತು: ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ನಿಮ್ಮದೇ ವೇರಿಯಬಲ್ ಹೆಸರುಗಳನ್ನು ಮಾತ್ರ ಬೇಕಾದರೆ ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಪುತ್ತದೆ.

ಹಳೆಯ ಪಾಠಗಳಿಂದ ದೂರ

ಸಾಕೆಟ್ ಎಂಬ ವ್ಯವಸ್ಥೆ 1983ರ ಬರ್ಕ್‌ಲಿ ಯುನಿಕ್ಸ್‌ನಿಂದ ಬಂದದ್ದು. ಅದು ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಭದ್ರತೆಯ ಪದರ ಹಾಗಲ್ಲ. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಟಿಎಲ್‌ಎಸ್‌ನ ಪೂರ್ವಜ ಎಸ್‌ಎಸ್‌ಎಲ್ 2.0 ಹೊರತಂದಿತು. ಟಿಎಲ್‌ಎಸ್ 1.0 ಬಂದದ್ದು 1999ರಲ್ಲಿ, 1.2 ಬಂದದ್ದು 2008ರಲ್ಲಿ, 1.3 ಬಂದದ್ದು 2018ರಲ್ಲಿ. ಎಸ್‌ಎಸ್‌ಎಲ್‌ನ ಎಲ್ಲ ಆವೃತ್ತಿಗಳೂ ಈಗ ಕಸಕ್ಕೆ ಸೇರಿವೆ. ಟಿಎಲ್‌ಎಸ್ 1.0 ಮತ್ತು 1.1 ಅನ್ನು 2021ರಲ್ಲಿ ಅಧಿಕೃತವಾಗಿ ಕೈಬಿಟ್ಟರು. ಪೈಥಾನ್ ಮಾಡ್ಯೂಲಿನ ಹೆಸರು ಮಾತ್ರ ‘ಎಸ್‌ಎಸ್‌ಎಲ್’ ಎಂದೇ ಉಳಿದಿದೆ.

ಹುಡುಕಿದಾಗ ಸಿಗುವ ಎಷ್ಟೋ ಉದಾಹರಣೆಗಳಲ್ಲಿ ‘ಎಸ್‌ಎಸ್‌ಎಲ್.ವ್ರ್ಯಾಪ್_ಸಾಕೆಟ್’ ಎಂದು ನೇರವಾಗಿ ಕರೆದಿರುತ್ತಾರೆ. ಆ ಫಂಕ್ಷನ್ ಪೈಥಾನ್ 3.12ರಲ್ಲಿ ಇಲ್ಲವೇ ಇಲ್ಲ, ತೆಗೆದುಹಾಕಿದ್ದಾರೆ. ಅಂಥ ಪಾಠ ಕಂಡರೆ ಅಲ್ಲಿಗೇ ಬಿಡಿ. ನಿಮ್ಮಲ್ಲಿ ಪೈಥಾನ್ 3.10 ಅಥವಾ ಹೊಸದು, ಜೊತೆಗೆ ಟಿಎಲ್‌ಎಸ್ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ 3 ತಂತ್ರಾಂಶ ಇದ್ದರೆ ಸಾಕು.

ಹಂತ 1: ಮೊದಲು ಬೀಗವಿಲ್ಲದ ಸರ್ವರ್

ಟಿಎಲ್‌ಎಸ್ ಅನ್ನು ಮೊದಲ ದಿನವೇ ಸೇರಿಸಬೇಡಿ. ಎರಡೂ ಒಟ್ಟಿಗೆ ಕೆಟ್ಟರೆ ಯಾವುದು ಕೆಟ್ಟಿದ್ದು ಎಂದು ಗೊತ್ತಾಗುವುದಿಲ್ಲ.

‘ಸಾಕೆಟ್.ಕ್ರಿಯೇಟ್_ಸರ್ವರ್’ ಎಂಬ ಫಂಕ್ಷನ್‌ಗೆ ವಿಳಾಸ ಮತ್ತು ಪೋರ್ಟ್ (ಆ ವಿಳಾಸದಲ್ಲಿ ತಟ್ಟಬೇಕಾದ ಬಾಗಿಲಿನ ನಂಬರ್) ಕೊಡಿ. ವಿಳಾಸ 127.0.0.1, ಪೋರ್ಟ್ 8443. ಬೈಂಡ್ (ವಿಳಾಸ ಹಿಡಿಯುವುದು), ಲಿಸನ್ (ಕರೆಗೆ ಕಾಯುವುದು) ಎರಡನ್ನೂ ಅದೇ ಮಾಡುತ್ತದೆ. ಲಿನಕ್ಸ್‌ನಲ್ಲಿ ವಿಳಾಸ ಮರುಬಳಕೆಯ ಆಯ್ಕೆಯನ್ನೂ ಅದೇ ಹಾಕಿಕೊಳ್ಳುತ್ತದೆ. ಆ ಆಯ್ಕೆ ಇಲ್ಲದಿದ್ದರೆ, ಸರ್ವರ್ ನಿಲ್ಲಿಸಿ ತಕ್ಷಣ ಮತ್ತೆ ಶುರು ಮಾಡಿದಾಗ ‘ವಿಳಾಸ ಬಳಕೆಯಲ್ಲಿದೆ’ ಎಂದು ಒಂದು ನಿಮಿಷ ಸತಾಯಿಸುತ್ತದೆ. 127.0.0.1 ಎಂದರೆ ಇದೇ ಕಂಪ್ಯೂಟರಿನಿಂದ ಮಾತ್ರ ಸಂಪರ್ಕ. ಹೊರಗಿನವರಿಗೂ ತೆರೆಯಲು 0.0.0.0 ಬೇಕು, ಅದು ಈಗಲೇ ಬೇಡ. 1024ಕ್ಕಿಂತ ಕಡಿಮೆ ಪೋರ್ಟ್‌ಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ರೂಟ್ ಅನುಮತಿ ಕೇಳುತ್ತದೆ, ಆದ್ದರಿಂದ 8443 ಒಳ್ಳೆಯದು.

ಇಲ್ಲಿ ಎರಡು ಬಗೆಯ ಸಾಕೆಟ್ ಇವೆ. ಒಂದು ಕೇಳುವ ಸಾಕೆಟ್. ಅದರ ಮೇಲೆ ‘ಆಕ್ಸೆಪ್ಟ್’ ಕರೆದಾಗಲೆಲ್ಲ ಹೊಸದೊಂದು ಸಂಪರ್ಕ ಸಾಕೆಟ್ ಕೈಗೆ ಬರುತ್ತದೆ. ಮಾತೆಲ್ಲ ನಡೆಯುವುದು ಎರಡನೆಯದರಲ್ಲಿ. ಈ ವ್ಯತ್ಯಾಸ ತಲೆಯಲ್ಲಿರಲಿ, ಐದನೇ ಹಂತ ಪೂರಾ ನಿಂತಿರುವುದು ಇದರ ಮೇಲೆ.

ಹಂತ 2: ಸಾಲು ಎಲ್ಲಿ ಮುಗಿಯುತ್ತದೆ?

ಸಾಕೆಟ್‌ನ ಕೆಳಗೆ ಬೈಟ್ ಸಾಗಿಸುವ ಟಿಸಿಪಿಗೆ ಸಂದೇಶ ಎಂಬುದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೈಟ್‌ಗಳ ಹರಿವು ಮಾತ್ರ. ಕ್ಲೈಂಟ್, ಅಂದರೆ ತೋಟದ ಕಡೆಯ ಪ್ರೋಗ್ರಾಂ, ಒಂದೇ ಸಲ ಕಳಿಸಿದ್ದು ಇಲ್ಲಿ ಎರಡು ತುಂಡಾಗಿ ಬರಬಹುದು. ಎರಡು ಸಲ ಕಳಿಸಿದ್ದು ಒಂದಾಗಿ ಅಂಟಿಕೊಂಡೂ ಬರಬಹುದು. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದರೆ ಇದು ಕಾಣಿಸುವುದೇ ಇಲ್ಲ. ಘಟ್ಟದ ಮೇಲಿನ ಮೊಬೈಲ್ ಸಿಗ್ನಲ್‌ನಲ್ಲಿ ಕಾಣಿಸುತ್ತದೆ.

ಕನ್ನಡದಲ್ಲಿ ಈ ತೊಂದರೆ ಬೇಗ ಹೊರಗೆ ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್. ‘ಆಗುಂಬೆ’ ಎಂದರೆ 18 ಬೈಟ್, ‘ತೀರ್ಥಹಳ್ಳಿ’ ಎಂದರೆ 30. ಮಧ್ಯದಲ್ಲಿ ತುಂಡಾದ ಬೈಟ್‌ಗಳನ್ನು ಆಗಲೇ ಅಕ್ಷರಕ್ಕೆ ತಿರುಗಿಸಲು ಹೋದರೆ ಪೈಥಾನ್ ‘ಯೂನಿಕೋಡ್ ಡಿಕೋಡ್ ಎರರ್’ ಎಂದು ಕೂಗುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ. ನಿಯಮ ಸುಲಭ: ಇಡೀ ಸಾಲು ಕೈಗೆ ಬರುವತನಕ ಬೈಟ್‌ಗಳಾಗಿಯೇ ಇಟ್ಟುಕೊಳ್ಳಿ, ಆಮೇಲೆ ಒಂದೇ ಸಲ ಡಿಕೋಡ್ ಮಾಡಿ.

ನಮ್ಮ ಒಪ್ಪಂದ ಹೀಗಿರಲಿ. ಒಂದು ಸಾಲಿಗೆ ಒಂದು ಲೆಕ್ಕ, ಕೊನೆಗೆ ನ್ಯೂಲೈನ್. ಸಾಲಿನಲ್ಲಿ ಊರು, ದಿನಾಂಕ, ಸಮಯ, ಮಿಲಿಮೀಟರ್, ನಡುವೆ ಕಾಮಾ. ಸಂಪರ್ಕ ಸಾಕೆಟ್‌ನ ಮೇಲೆ ‘ಮೇಕ್‌ಫೈಲ್’ ಅನ್ನು ಬೈನರಿ ಓದುವ ಮೋಡ್‌ನಲ್ಲಿ ಕರೆದು, ‘ರೀಡ್‌ಲೈನ್’ಗೆ 1024 ಎಂಬ ಮಿತಿ ಕೊಡಿ. ಬಂದದ್ದು ನ್ಯೂಲೈನ್‌ನಲ್ಲಿ ಮುಗಿದಿಲ್ಲವಾದರೆ ಸಂಪರ್ಕ ಮುಚ್ಚಿಬಿಡಿ. ಮಿತಿ ಇಲ್ಲದಿದ್ದರೆ ನ್ಯೂಲೈನ್ ಕಳಿಸದೆ ಬೈಟ್ ಸುರಿಯುತ್ತಲೇ ಇರುವ ಒಬ್ಬನೇ ಸಾಕು, ಸರ್ವರಿನ ಮೆಮೊರಿ ಪೂರ್ತಿ ನುಂಗಲು.

ಉತ್ತರ ಕಳಿಸುವಾಗ ‘ಸೆಂಡ್’ ಬೇಡ, ‘ಸೆಂಡ್‌ಆಲ್’ ಬಳಸಿ. ‘ಸೆಂಡ್’ ಅರ್ಧ ಕಳಿಸಿ ಸುಮ್ಮನಾಗಬಹುದು.

ಹಂತ 3: ಸರ್ಟಿಫಿಕೇಟ್

ಸರ್ಟಿಫಿಕೇಟ್ ಎಂದರೆ ಸರ್ವರಿನ ಗುರುತಿನ ಚೀಟಿ, ಅದಕ್ಕೆ ಸಹಿ ಹಾಕುವವರು ಪ್ರಾಧಿಕಾರ. ಸರ್ಟಿಫಿಕೇಟ್ ಪಡೆಯಲು ಎರಡು ದಾರಿ ಇವೆ. ನಿಮಗೆ ಸ್ವಂತ ಡೊಮೇನ್ ಹೆಸರಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಾಧಿಕಾರದಿಂದ ಉಚಿತವಾಗಿ ಪಡೆಯಬಹುದು. ಆದರೆ ಅದರ ಆಯಸ್ಸು ಕಡಿಮೆ. ಇಷ್ಟು ವರ್ಷ 90 ದಿನ ಕೊಡುತ್ತಿದ್ದರು, ತಾನಾಗೇ ನವೀಕರಿಸುವ ವ್ಯವಸ್ಥೆ ಬೇಕೇ ಬೇಕು. ಎರಡೂ ತುದಿ ನಿಮ್ಮದೇ ಆಗಿದ್ದರೆ, ಅಂದರೆ ಸರ್ವರೂ ನಿಮ್ಮದು, ತೋಟದ ಪೆಟ್ಟಿಗೆಗಳೂ (ಮಾಪಕಕ್ಕೆ ಜೋಡಿಸಿದ ಪುಟ್ಟ ಕಂಪ್ಯೂಟರ್‌ಗಳು) ನಿಮ್ಮವು ಎಂದಾದರೆ, ಸ್ವಂತ ಪುಟ್ಟ ಪ್ರಾಧಿಕಾರ ಮಾಡಿಕೊಳ್ಳುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಓಪನ್‌ಎಸ್‌ಎಸ್‌ಎಲ್‌ನ ‘ರೆಕ್’ ಉಪಆಜ್ಞೆಗೆ ‘ಎಕ್ಸ್509’ ಆಯ್ಕೆ ಸೇರಿಸಿ, 3650 ದಿನದ ಪ್ರಾಧಿಕಾರ ಸರ್ಟಿಫಿಕೇಟ್ ಮಾಡಿ. ಅದರ ಕೀ (ಸಹಿ ಹಾಕಲು ಬೇಕಾದ ಗುಟ್ಟಿನ ಬೀಗದ ಕೈ) ಫೈಲನ್ನು ಸರ್ವರಿನಲ್ಲಿ ಇಡಬೇಡಿ. ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ. ಆಮೇಲೆ ಸರ್ವರಿಗೆ ಬೇರೆ ಕೀ, ಬೇರೆ ಸಹಿ-ಕೋರಿಕೆ ಫೈಲ್ ಮಾಡಿ, ಅದಕ್ಕೆ ಪ್ರಾಧಿಕಾರದ ಕೀಯಿಂದ ಸಹಿ ಹಾಕಿ.

ಎಡವುವುದು ಇಲ್ಲಿ. ಸರ್ವರಿನ ಹೆಸರು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಜಾಗದಲ್ಲಿ ಇರಬೇಕು. ಹಳೆಯ ‘ಕಾಮನ್ ನೇಮ್’ ಮಾತ್ರ ಇದ್ದರೆ ಈಗಿನ ಬ್ರೌಸರ್‌ಗಳು ಒಪ್ಪುವುದಿಲ್ಲ. ಡೊಮೇನ್ ಬದಲು ಐಪಿ ವಿಳಾಸದಿಂದಲೇ ಸೇರುವುದಾದರೆ, ಅದನ್ನು ಡಿಎನ್‌ಎಸ್ ಹೆಸರಾಗಿ ಅಲ್ಲ, ಐಪಿ ಎಂದೇ ನಮೂದಿಸಬೇಕು. ಇನ್ನೊಂದು ವಿಷಯ: ಕೋರಿಕೆಯಲ್ಲಿ ಈ ಹೆಸರು ಹಾಕಿದ್ದರೂ, ಸಹಿ ಹಾಕುವ ‘ಎಕ್ಸ್509’ ಆಜ್ಞೆ ಅದನ್ನು ತಾನಾಗಿ ನಕಲು ಮಾಡುವುದಿಲ್ಲ. ‘ಕಾಪಿ_ಎಕ್ಸ್‌ಟೆನ್ಶನ್ಸ್’ ಆಯ್ಕೆ ಕೊಡಬೇಕು. ಕೊಡದಿದ್ದರೆ ಸರ್ಟಿಫಿಕೇಟ್ ನೋಡಲು ಚೆನ್ನಾಗಿಯೇ ಇರುತ್ತದೆ, ಹೆಸರು ಮಾತ್ರ ಮಾಯ. ಸಹಿ ಆದಮೇಲೆ ‘ಎಕ್ಸ್509’ಗೆ ‘ಟೆಕ್ಸ್ಟ್’ ಆಯ್ಕೆ ಕೊಟ್ಟು ಒಮ್ಮೆ ಓದಿ ನೋಡಿ.

ಪೈಥಾನ್ 3.13ರಿಂದ ಕ್ಲೈಂಟ್ ತಪಾಸಣೆ ಇನ್ನೂ ಬಿಗಿಯಾಗಿದೆ. ‘ಅಥಾರಿಟಿ ಕೀ ಐಡೆಂಟಿಫೈಯರ್ ಇಲ್ಲ’ ಎಂದೋ, ಪ್ರಾಧಿಕಾರದಲ್ಲಿ ‘ಕೀ ಯೂಸೇಜ್ ಇಲ್ಲ’ ಎಂದೋ ದೂರು ಬಂದರೆ ತಪಾಸಣೆಯನ್ನು ಆಫ್ ಮಾಡಬೇಡಿ. ಆ ಎರಡನ್ನೂ ಸೇರಿಸಿ ಸರ್ಟಿಫಿಕೇಟನ್ನೇ ಮತ್ತೆ ಮಾಡಿ.

ಸರ್ವರಿನ ಕೀ ಫೈಲಿಗೆ ಅನುಮತಿ 600 ಇರಲಿ, ಅಂದರೆ ಅದರ ಒಡೆಯ ಮಾತ್ರ ಓದಿ ಬರೆಯುವ ಹಾಗೆ.

ಹಂತ 4: ಕಾಂಟೆಕ್ಸ್ಟ್

ಕಾಂಟೆಕ್ಸ್ಟ್ ಎಂದರೆ ಟಿಎಲ್‌ಎಸ್‌ನ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ಜಾಗ. ಇದು ಮೂರ್ನಾಲ್ಕು ಸಾಲಿನ ಕೆಲಸ. ‘ಎಸ್‌ಎಸ್‌ಎಲ್ ಕಾಂಟೆಕ್ಸ್ಟ್’ ಒಂದನ್ನು ‘ಪ್ರೋಟೋಕಾಲ್_ಟಿಎಲ್‌ಎಸ್_ಸರ್ವರ್’ ಎಂಬ ಬಗೆಯಲ್ಲಿ ಮಾಡಿ. ‘ಮಿನಿಮಮ್_ವರ್ಷನ್’ ಅನ್ನು ಟಿಎಲ್‌ಎಸ್ 1.2ಕ್ಕೆ ಇಡಿ. ಎಲ್ಲ ಕ್ಲೈಂಟ್‌ಗಳೂ ನಿಮ್ಮವೇ ಆದ್ದರಿಂದ 1.3ಕ್ಕೇ ಇಟ್ಟರೆ ಇನ್ನೂ ಒಳ್ಳೆಯದು. ‘ಲೋಡ್_ಸರ್ಟ್_ಚೈನ್’ಗೆ ಸರ್ಟಿಫಿಕೇಟ್ ಮತ್ತು ಕೀ ಫೈಲ್‌ಗಳ ದಾರಿ ಕೊಡಿ. ಸೈಫರ್ (ಗುಪ್ತಲಿಪಿಯ ವಿಧಾನ) ಪಟ್ಟಿಯನ್ನು ಮುಟ್ಟಬೇಡಿ, ಈಗಿನ ಡೀಫಾಲ್ಟ್ ಚೆನ್ನಾಗಿದೆ. ಕಾಂಟೆಕ್ಸ್ಟ್ ಅನ್ನು ಸರ್ವರ್ ಶುರುವಾಗುವಾಗ ಒಮ್ಮೆ ಮಾಡಿದರೆ ಸಾಕು, ಪ್ರತಿ ಸಂಪರ್ಕಕ್ಕೂ ಹೊಸದು ಬೇಡ.

ಹಂತ 5: ಹ್ಯಾಂಡ್‌ಶೇಕ್ ಎಲ್ಲಿ ನಡೆಯಬೇಕು?

ಸರ್ವರ್ ಮಳೆಗಾಲ ದಾಟುತ್ತದೋ ಇಲ್ಲವೋ ಎಂಬುದು ತೀರ್ಮಾನ ಆಗುವುದು ಇಲ್ಲಿ.

ಎಷ್ಟೋ ಉದಾಹರಣೆಗಳಲ್ಲಿ ಕೇಳುವ ಸಾಕೆಟ್ಟನ್ನೇ ಟಿಎಲ್‌ಎಸ್‌ನಲ್ಲಿ ಸುತ್ತಿ, ಆಮೇಲೆ ‘ಆಕ್ಸೆಪ್ಟ್’ ಕರೆಯುತ್ತಾರೆ. ನೋಡಲು ಚೊಕ್ಕ. ಆದರೆ ಹಾಗೆ ಮಾಡಿದಾಗ ‘ಆಕ್ಸೆಪ್ಟ್’ನ ಹೊಟ್ಟೆಯೊಳಗೇ ಹ್ಯಾಂಡ್‌ಶೇಕ್ ಪೂರಾ ನಡೆಯುತ್ತದೆ. ಹ್ಯಾಂಡ್‌ಶೇಕ್ ಎಂದರೆ ಕ್ಲೈಂಟ್ ಮತ್ತು ಸರ್ವರ್ ನಡುವೆ ಹೋಗಿ ಬರುವ ಮಾತುಕತೆ. ಈಗ ಹೊಸನಗರದ ಒಂದು ಪೆಟ್ಟಿಗೆ ಸಂಪರ್ಕ ಶುರು ಮಾಡಿತು ಎಂದಿಟ್ಟುಕೊಳ್ಳಿ. ಟಿಸಿಪಿ ಸೇರಿತು, ಅಷ್ಟರಲ್ಲಿ ಕರೆಂಟ್ ಹೋಯಿತು, ಇಲ್ಲವೇ ಟವರ್ ಮಲಗಿತು. ಸರ್ವರ್ ಅದರ ಮುಂದಿನ ಮಾತಿಗೆ ಕಾಯುತ್ತದೆ. ಟೈಮ್‌ಔಟ್, ಅಂದರೆ ಕಾಯುವುದಕ್ಕೆ ಗಡುವು ಇಲ್ಲ, ಆದ್ದರಿಂದ ಕಾಯುತ್ತಲೇ ಇರುತ್ತದೆ. ಅಷ್ಟರವರೆಗೂ ಸಾಗರ, ಸೊರಬ, ಶಿಕಾರಿಪುರದಿಂದ ಬಂದವೆಲ್ಲ ಸಾಲಿನಲ್ಲೇ. ಬಸ್‌ಸ್ಟ್ಯಾಂಡ್ ಕೌಂಟರಿನಲ್ಲಿ ಮುಂದಿದ್ದವನು ಚಿಲ್ಲರೆ ಹುಡುಕುತ್ತಾ ನಿಂತರೆ ಹಿಂದಿನವರ ಗತಿ ಏನೋ ಅದೇ.

ಇದಕ್ಕೆ ದಾಳಿಕೋರ ಬೇಕಾಗಿಲ್ಲ, ಜುಲೈ ತಿಂಗಳು ಸಾಕು. ದಾಳಿ ಮಾಡಬೇಕು ಎನ್ನುವವನಿಗೂ ಇದಕ್ಕಿಂತ ಸುಲಭದ ದಾರಿ ಇಲ್ಲ: ಸೇರಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಎನ್‌ಕ್ರಿಪ್ಶನ್ ಎಷ್ಟು ಗಟ್ಟಿ ಇದ್ದರೂ ಇದನ್ನು ತಡೆಯುವುದಿಲ್ಲ.

ಸರಿಯಾದ ಜೋಡಣೆ ಹೀಗೆ. ಕೇಳುವ ಸಾಕೆಟ್ ಬರೀ ಟಿಸಿಪಿಯಾಗಿಯೇ ಇರಲಿ. ಮುಖ್ಯ ಲೂಪ್ ‘ಆಕ್ಸೆಪ್ಟ್’ ಮಾಡಿ, ಬಂದ ಸಂಪರ್ಕವನ್ನು ಬೇರೆ ಥ್ರೆಡ್‌ಗೆ (ಅದೇ ಪ್ರೋಗ್ರಾಂನೊಳಗೆ ಪಕ್ಕದಲ್ಲೇ ಓಡುವ ಇನ್ನೊಂದು ಕೆಲಸ) ಒಪ್ಪಿಸಿ, ಮತ್ತೆ ‘ಆಕ್ಸೆಪ್ಟ್’ಗೆ ಹೋಗಲಿ. ಬೇರೇನೂ ಮಾಡಕೂಡದು. ಥ್ರೆಡ್‌ನೊಳಗಿನ ಕ್ರಮ ಇದು:

ಸಂಪರ್ಕಕ್ಕೆ 15 ಸೆಕೆಂಡಿನ ಟೈಮ್‌ಔಟ್ ಹಾಕು
ಕಾಂಟೆಕ್ಸ್ಟ್.ವ್ರ್ಯಾಪ್_ಸಾಕೆಟ್‌ನಿಂದ ಅದನ್ನು ಸುತ್ತು, ಸರ್ವರ್_ಸೈಡ್ ನಿಜ ಎಂದು ಹೇಳು
ಒಂದು ಸಾಲು ಓದು, ಮಿತಿ 1024
ಸಾಲು ಸರಿಯಿದ್ದರೆ ಡೇಟಾಬೇಸಿಗೆ ಬರೆ
‘ಸರಿ’ ಎಂದು ಉತ್ತರ ಕಳಿಸು
ಮುಚ್ಚು

ಟೈಮ್‌ಔಟ್ ಮೊದಲು, ಸುತ್ತುವುದು ಆಮೇಲೆ. ಈ ಕ್ರಮ ತಿರುಗಿದರೆ ಹ್ಯಾಂಡ್‌ಶೇಕ್‌ಗೆ ಟೈಮ್‌ಔಟ್ ತಗಲುವುದಿಲ್ಲ.

ಥ್ರೆಡ್‌ಗಳನ್ನು ಲೆಕ್ಕವಿಲ್ಲದೆ ಹುಟ್ಟಿಸಬೇಡಿ. ‘ಥ್ರೆಡ್‌ಪೂಲ್ ಎಕ್ಸಿಕ್ಯೂಟರ್’ಗೆ 50 ಎಂದು ಮಿತಿ ಕೊಟ್ಟರೆ ನಮ್ಮ ಕೆಲಸಕ್ಕೆ ಧಾರಾಳ. ಆದರೆ ಒಂದು ಕಳ್ಳತನ ಅದರಲ್ಲಿದೆ. ಕೆಲಸದೊಳಗೆ ಎರರ್ ಬಂದರೆ ಪೂಲ್ ಅದನ್ನು ಒಳಗೇ ಇಟ್ಟುಕೊಳ್ಳುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಆದ್ದರಿಂದ ಥ್ರೆಡ್‌ನ ಫಂಕ್ಷನ್ನನ್ನು ಪೂರಾ ‘ಟ್ರೈ’ ಒಳಗೆ ಹಾಕಿ. ‘ಓಎಸ್ ಎರರ್’ ಹಿಡಿದರೆ ಟಿಎಲ್‌ಎಸ್ ಎರರ್, ಟೈಮ್‌ಔಟ್, ಮಧ್ಯದಲ್ಲಿ ಕಡಿದ ಸಂಪರ್ಕ ಎಲ್ಲವೂ ಅದರಲ್ಲೇ ಸಿಗುತ್ತವೆ. ಇವನ್ನು ಒಂದು ಸಾಲಿನಲ್ಲಿ ಲಾಗ್ ಮಾಡಿ ಬಿಡಿ. ಬೇರೆ ಯಾವ ಎರರ್ ಬಂದರೂ ಪೂರ್ತಿ ವಿವರ ಲಾಗ್ ಮಾಡಿ, ಅದು ನಿಮ್ಮ ಕೋಡಿನ ತಪ್ಪಾಗಿರುತ್ತದೆ.

ಒಂದೇ ಥ್ರೆಡ್‌ನಲ್ಲಿ ಹಲವು ಸಂಪರ್ಕ ನೋಡಿಕೊಳ್ಳುವ ‘ಅಸಿಂಕ್‌ಐಓ’ ಯಾಕೆ ಬೇಡ ಎಂದು ಕೇಳಬಹುದು. ಸಾವಿರಾರು ಸಂಪರ್ಕ ಒಟ್ಟಿಗೆ ತೆರೆದಿರಬೇಕಾದರೆ ಅದೇ ಸರಿ. ಒಂದು ತಾಲೂಕಿನ ಮಳೆಮಾಪಕಗಳಿಗೆ ಥ್ರೆಡ್ ಸಾಕು, ಓದಿದರೆ ಅರ್ಥವೂ ಆಗುತ್ತದೆ.

ಸಂಪರ್ಕವನ್ನು ಇಡೀ ದಿನ ತೆರೆದಿಡುವುದಕ್ಕಿಂತ, ಪ್ರತಿ ಲೆಕ್ಕಕ್ಕೂ ಸೇರಿ, ಹೇಳಿ, ಮುಚ್ಚುವುದು ಮಲೆನಾಡಿಗೆ ಹೊಂದುತ್ತದೆ. ಆ ಕಡೆಯ ಯಂತ್ರ ಸತ್ತರೆ ಟಿಸಿಪಿ ಅದನ್ನು ತಾನಾಗಿ ಹೇಳುವುದಿಲ್ಲ. ಲಿನಕ್ಸ್‌ನ ಕೀಪ್‌ಅಲೈವ್ ಆನ್ ಮಾಡಿದರೂ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡ್ ಅಂದರೆ ಎರಡು ಗಂಟೆ ಆದಮೇಲೆ. ಟಿಎಲ್‌ಎಸ್ 1.3ರಲ್ಲಿ ಹ್ಯಾಂಡ್‌ಶೇಕ್ ಒಂದೇ ಸುತ್ತಿನಲ್ಲಿ ಮುಗಿಯುವುದರಿಂದ ಮತ್ತೆ ಮತ್ತೆ ಸೇರುವುದು ದುಬಾರಿಯಲ್ಲ.

ಹಂತ 6: ತೋಟದ ಕಡೆಯ ಪ್ರೋಗ್ರಾಂ

ಕ್ಲೈಂಟ್‌ನಲ್ಲಿ ‘ಕ್ರಿಯೇಟ್_ಡೀಫಾಲ್ಟ್_ಕಾಂಟೆಕ್ಸ್ಟ್’ ಕರೆದು, ನಿಮ್ಮ ಪ್ರಾಧಿಕಾರದ ಸರ್ಟಿಫಿಕೇಟನ್ನು ‘ಸಿಎಫೈಲ್’ ಎಂದು ಕೊಡಿ. ‘ಸಾಕೆಟ್.ಕ್ರಿಯೇಟ್_ಕನೆಕ್ಷನ್’ಗೆ 20 ಸೆಕೆಂಡ್ ಟೈಮ್‌ಔಟ್ ಕೊಟ್ಟು ಸೇರಿ, ಆಮೇಲೆ ಸುತ್ತಿ. ಸುತ್ತುವಾಗ ‘ಸರ್ವರ್_ಹೋಸ್ಟ್‌ನೇಮ್’ ಕೊಡಲೇಬೇಕು, ಹೆಸರು ತಾಳೆ ನೋಡುವುದು ಅದರ ಮೇಲೆ. ಎರರ್ ಬಂದಾಗ ‘ಚೆಕ್_ಹೋಸ್ಟ್‌ನೇಮ್’ ಆಫ್ ಮಾಡಿ, ‘ಸರ್ಟ್_ನನ್’ ಹಾಕಿ ಎಂದು ಹೇಳಿಕೊಡುವವರು ಬಹಳ. ಎರರ್ ಹೋಗುತ್ತದೆ, ನಿಜ. ಆಗ ಮಧ್ಯದಲ್ಲಿ ಕೂತ ಯಾರು ಬೇಕಾದರೂ ನಾನೇ ಶಿವಮೊಗ್ಗದ ಸರ್ವರ್ ಎನ್ನಬಹುದು.

ಕಳಿಸುವ ಮೊದಲು ಲೆಕ್ಕವನ್ನು ಪೆಟ್ಟಿಗೆಯಲ್ಲೇ ಒಂದು ಎಸ್‌ಕ್ಯೂಲೈಟ್ (ಪುಟ್ಟ ಡೇಟಾಬೇಸ್) ಫೈಲಿನಲ್ಲಿ ಬರೆದಿಡಿ. ಸರ್ವರಿನಿಂದ ‘ಸರಿ’ ಬಂದಮೇಲೆ ಮಾತ್ರ ಅಳಿಸಿ. ಲೆಕ್ಕ ಮುಟ್ಟಿ, ‘ಸರಿ’ ದಾರಿಯಲ್ಲಿ ಕಳೆದುಹೋದರೆ ಕ್ಲೈಂಟ್ ಅದನ್ನೇ ಇನ್ನೊಮ್ಮೆ ಕಳಿಸುತ್ತದೆ. ಸರ್ವರ್ ಎರಡನ್ನೂ ಕೂಡಿಸಿದರೆ 4 ಇಂಚು ಮಳೆ 8 ಇಂಚಾಗುತ್ತದೆ. ಊರು, ದಿನಾಂಕ, ಸಮಯ ಮೂರೂ ಸೇರಿ ಪ್ರೈಮರಿ ಕೀ, ಅಂದರೆ ಎರಡು ಸಲ ಬರಲಾಗದ ಗುರುತು, ಆಗಿರಲಿ. ಎರಡನೇ ಸಲ ಬಂದದ್ದನ್ನು ಬರೆಯದೆ, ‘ಸರಿ’ ಮಾತ್ರ ಮತ್ತೆ ಹೇಳಲಿ.

ಗಡಿಯಾರದ ಕಡೆಗೂ ಗಮನ ಇರಲಿ. ಹಳೆಯ ರಾಸ್ಪ್‌ಬೆರಿ ಪೈಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಮೂರು ದಿನ ಕರೆಂಟ್ ಇಲ್ಲದೆ ಮಲಗಿ ಎದ್ದರೆ, ಇಂಟರ್‌ನೆಟ್‌ನಿಂದ ಸಮಯ ಸಿಗುವತನಕ ಅದು ಮೂರು ದಿನ ಹಿಂದೆಯೇ ಇರುತ್ತದೆ. ಆ ನಡುವೆ ನೀವು ಸರ್ವರಿಗೆ ಹೊಸ ಸರ್ಟಿಫಿಕೇಟ್ ಹಾಕಿದ್ದರೆ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಪೈ ತಿರಸ್ಕರಿಸುತ್ತದೆ. ಹಾಕಿರದಿದ್ದರೆ ಇನ್ನೂ ಕೆಟ್ಟದ್ದು: ಎಲ್ಲವೂ ಸರಿಯಾಗಿ ಓಡುತ್ತದೆ, ದಿನಾಂಕ ಮಾತ್ರ ತಪ್ಪು. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಜೋಡಿಸಿ.

ಹಂತ 7: ಕಳಿಸಿದ್ದು ಯಾರು?

ಇಷ್ಟು ಮಾಡಿದರೆ ಸರ್ವರ್ ಯಾರೆಂದು ಕ್ಲೈಂಟ್‌ಗೆ ಗೊತ್ತು. ಕ್ಲೈಂಟ್ ಯಾರೆಂದು ಸರ್ವರಿಗೆ ಇನ್ನೂ ಗೊತ್ತಿಲ್ಲ. ಪ್ರತಿ ಪೆಟ್ಟಿಗೆಗೂ ಅದೇ ಪ್ರಾಧಿಕಾರದಿಂದ ಬೇರೆ ಬೇರೆ ಸರ್ಟಿಫಿಕೇಟ್ ಮಾಡಿ, ಕಾಮನ್ ನೇಮ್‌ನಲ್ಲಿ ಊರಿನ ಹೆಸರಿಡಿ. ಕ್ಲೈಂಟ್‌ನ ಕಾಂಟೆಕ್ಸ್ಟ್‌ನಲ್ಲಿ ‘ಲೋಡ್_ಸರ್ಟ್_ಚೈನ್’ನಿಂದ ಅದನ್ನು ಸೇರಿಸಿ. ಸರ್ವರಿನ ಕಾಂಟೆಕ್ಸ್ಟ್‌ನಲ್ಲಿ ‘ವೆರಿಫೈ_ಮೋಡ್’ ಅನ್ನು ‘ಸರ್ಟ್_ರಿಕ್ವೈರ್ಡ್’ ಮಾಡಿ, ‘ಲೋಡ್_ವೆರಿಫೈ_ಲೊಕೇಶನ್ಸ್’ಗೆ ಪ್ರಾಧಿಕಾರದ ಫೈಲ್ ಕೊಡಿ.

ಅಷ್ಟಕ್ಕೇ ನಿಲ್ಲಿಸಬೇಡಿ. ‘ಗೆಟ್‌ಪೀರ್‌ಸರ್ಟ್’ ಕರೆದು ಸರ್ಟಿಫಿಕೇಟಿನಲ್ಲಿರುವ ಊರನ್ನೂ ಸಾಲಿನಲ್ಲಿರುವ ಊರನ್ನೂ ಹೋಲಿಸಿ. ಇಲ್ಲದಿದ್ದರೆ ಸೊರಬದ ಪೆಟ್ಟಿಗೆ ಆಗುಂಬೆಯ ಹೆಸರಿನಲ್ಲಿ ಲೆಕ್ಕ ಕಳಿಸಬಹುದು. ಒಪ್ಪುವ ಊರುಗಳ ಪಟ್ಟಿಯನ್ನು ಸರ್ವರಿನಲ್ಲೇ ಇಟ್ಟುಕೊಳ್ಳಿ. ಯಾವುದಾದರೂ ಪೆಟ್ಟಿಗೆ ಕಳುವಾದರೆ ಆ ಹೆಸರನ್ನು ತೆಗೆದರೆ ಮುಗಿಯಿತು. ಬದಲಿ ಪೆಟ್ಟಿಗೆಗೆ ಬೇರೆ ಹೆಸರಿಡಿ.

ಟಿಎಲ್‌ಎಸ್ 1.3ರಲ್ಲಿ ಒಂದು ವಿಚಿತ್ರ ಇದೆ. ಸರ್ವರ್ ಕ್ಲೈಂಟಿನ ಸರ್ಟಿಫಿಕೇಟ್ ತಿರಸ್ಕರಿಸಿದರೂ ಕ್ಲೈಂಟ್‌ನ ಕಡೆ ಹ್ಯಾಂಡ್‌ಶೇಕ್ ಯಶಸ್ವಿ ಎಂದೇ ಕಾಣುತ್ತದೆ. ಎರರ್ ಬರುವುದು ಆಮೇಲೆ, ಉತ್ತರ ಓದಲು ಹೋದಾಗ. ಸೇರಿತು ಎಂದರೆ ಒಪ್ಪಿದರು ಎಂದಲ್ಲ. ‘ಸರಿ’ ಬರುವತನಕ ಅಳಿಸಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹಂತ 8: ಪರೀಕ್ಷೆ, ಓಡಿಸುವುದು

ಓಪನ್‌ಎಸ್‌ಎಸ್‌ಎಲ್‌ನ ‘ಎಸ್_ಕ್ಲೈಂಟ್’ ಆಜ್ಞೆಯಿಂದ ಪ್ರಾಧಿಕಾರದ ಫೈಲ್ ಕೊಟ್ಟು ಸೇರಿ ನೋಡಿ. ಏಳನೇ ಹಂತ ಮುಗಿಸಿದ್ದರೆ ಕ್ಲೈಂಟ್‌ನ ಸರ್ಟಿಫಿಕೇಟ್, ಕೀ ಎರಡನ್ನೂ ಕೊಡಬೇಕು. ‘ವೆರಿಫೈ ರಿಟರ್ನ್ ಕೋಡ್’ ಎದುರು 0 ಇರಬೇಕು. ತಪಾಸಣೆ ಸೋತರೂ ಈ ಆಜ್ಞೆ ಸಂಪರ್ಕ ಮುಂದುವರಿಸುತ್ತದೆ, ಹಾಗಾಗಿ ಸೇರಿತಲ್ಲ ಎಂದು ಖುಷಿಪಡಬೇಡಿ, ಆ ಅಂಕಿ ನೋಡಿ.

ಆಮೇಲೆ ಐದನೇ ಹಂತದ ಪರೀಕ್ಷೆ. ಬರೀ ಟಿಸಿಪಿಯಲ್ಲಿ ಸೇರಿಸುವ ‘ನೆಟ್‌ಕ್ಯಾಟ್’ ಆಜ್ಞೆಯಿಂದ 8443ಕ್ಕೆ ಸೇರಿ, ಏನೂ ಟೈಪ್ ಮಾಡದೆ ಬಿಡಿ. ಇನ್ನೊಂದು ಕಿಟಕಿಯಲ್ಲಿ ನಿಜವಾದ ಕ್ಲೈಂಟ್ ಓಡಿಸಿ. ಅದಕ್ಕೆ ತಕ್ಷಣ ‘ಸರಿ’ ಬರಬೇಕು. 15 ಸೆಕೆಂಡಿನಲ್ಲಿ ನೆಟ್‌ಕ್ಯಾಟ್ ತಾನಾಗಿ ಹೊರಬೀಳಬೇಕು. ಎರಡರಲ್ಲಿ ಒಂದಾಗದಿದ್ದರೂ ಹ್ಯಾಂಡ್‌ಶೇಕ್ ತಪ್ಪು ಜಾಗದಲ್ಲಿದೆ, ಇಲ್ಲವೇ ಟೈಮ್‌ಔಟ್ ತಗಲಿಲ್ಲ.

ಇನ್ನು ವಿಳಾಸವನ್ನು 0.0.0.0 ಮಾಡಿ, ಫೈರ್‌ವಾಲ್‌ನಲ್ಲಿ 8443 ತೆರೆಯಿರಿ. ಸರ್ವರ್ ಮನೆಯಲ್ಲೇ ಇದ್ದರೆ ರೌಟರ್‌ನಲ್ಲಿ ಆ ಪೋರ್ಟನ್ನು ಸರ್ವರಿನ ಕಡೆ ತಿರುಗಿಸಬೇಕು. ಅದಕ್ಕೂ ಮೊದಲು ರೌಟರಿನ ಹೊರವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ, ಕಂಪನಿ ನಿಮಗೆ ಹಂಚಿಕೆಯ ವಿಳಾಸ ಕೊಟ್ಟಿದೆ, ಹೊರಗಿನಿಂದ ಯಾರೂ ನೇರವಾಗಿ ಸೇರಲಾರರು. ಸ್ಥಿರ ಐಪಿ ಕೇಳಿ ಪಡೆಯಿರಿ, ಇಲ್ಲವೇ ಬಾಡಿಗೆಯ ಪುಟ್ಟ ಕ್ಲೌಡ್ ಸರ್ವರ್ ಹಿಡಿಯಿರಿ.

ಪ್ರೋಗ್ರಾಂ ಅನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ, ರೂಟ್ ಅಲ್ಲದ ಬಳಕೆದಾರನ ಹೆಸರಿನಲ್ಲಿ ಓಡಿಸಿ. ‘ರೀಸ್ಟಾರ್ಟ್’ ಎದುರು ‘ಆಲ್ವೇಸ್’ ಇರಲಿ.

ಸರ್ವರಿನ ಸರ್ಟಿಫಿಕೇಟ್ ಬದಲಿಸಿದಾಗ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿ. ಶುರುವಿನಲ್ಲಿ ಓದಿದ್ದನ್ನೇ ಅದು ಇಟ್ಟುಕೊಂಡಿರುತ್ತದೆ, ಡಿಸ್ಕ್‌ನಲ್ಲಿ ಹೊಸದು ಬಂದದ್ದು ತಿಳಿಯುವುದಿಲ್ಲ. ಇದನ್ನು ಶಿವಮೊಗ್ಗದಲ್ಲೇ ಕೂತು ಮಾಡಬಹುದು. ಪೆಟ್ಟಿಗೆಗಳ ಸರ್ಟಿಫಿಕೇಟ್ ಬದಲಿಸಲು ತೋಟಕ್ಕೇ ಹೋಗಬೇಕಾಗಬಹುದು. ಅವಕ್ಕೆ ಎರಡು ವರ್ಷದ ಅವಧಿ ಕೊಡಿ, ಮುಗಿಯುವ ದಿನ ಜನವರಿ ಅಥವಾ ಫೆಬ್ರವರಿಯಲ್ಲಿ ಬೀಳುವ ಹಾಗೆ ದಿನ ಎಣಿಸಿ ಮಾಡಿ. ಜುಲೈನಲ್ಲಿ ಮುಗಿದರೆ, ಲೆಕ್ಕ ಅತಿ ಜಾಸ್ತಿ ಬೇಕಾದ ಹೊತ್ತಲ್ಲೇ ಪೆಟ್ಟಿಗೆಗಳು ಒಂದೊಂದಾಗಿ ಸುಮ್ಮನಾಗುತ್ತವೆ, ನೀವು ಮಳೆಯಲ್ಲಿ ಘಟ್ಟದ ದಾರಿ ಹಿಡಿಯಬೇಕಾಗುತ್ತದೆ.